ಬೆಳಕನ್ನು ಮೀರಿದಂತೆ ತೋರುವ ವೇಗ: ಕ್ವೇಸಾರ್ ಧಾರೆಗಳ ಚಲನೆಯನ್ನು ಕುರಿತು

ಘಟನೆ ನಡೆದ ಕಾಲ ಬೇರೆ, ಆ ಘಟನೆಯ ವಾರ್ತೆ ಮುಟ್ಟಿದ ಕಾಲ ಬೇರೆ ಎಂಬ ಮಾತು ಇತಿಹಾಸದ ವಿದ್ಯಾರ್ಥಿಗಳಿಗೆ ಮೊದಲಿನಿಂದಲೂ ಪರಿಚಿತವಾದುದು. ೧೮೧೪ರ ಡಿಸೆಂಬರ್ ೨೪ರಂದು ಘೆಂಟ್ ನಗರದಲ್ಲಿ ಬ್ರಿಟನ್ನಿನ ಮತ್ತು ಅಮೆರಿಕದ ಪ್ರತಿನಿಧಿಗಳು ಸಂಧಿಪತ್ರಕ್ಕೆ ಸಹಿ ಹಾಕಿದರು. ಆ ಸುದ್ದಿ ಅಟ್ಲಾಂಟಿಕ್ ಸಾಗರವನ್ನು ದಾಟುವುದಕ್ಕೆ ಮುಂಚೆಯೇ, ೧೮೧೫ರ ಜನವರಿ ೮ರಂದು, ನ್ಯೂ ಆರ್ಲಿಯನ್ಸ್ ನಗರದ ಬಳಿ ಉಭಯ ಸೈನ್ಯಗಳೂ ಘೋರವಾಗಿ ಕಾದಾಡಿದವು. ಅಮೆರಿಕದಲ್ಲಿ ಸುದ್ದಿ ಮುಟ್ಟಿದ ದಿನಗಳನ್ನೇ ಘಟನೆಯ ದಿನಗಳೆಂದು ಎಣಿಸಿದರೆ, ಯುದ್ಧವು ಸಂಧಿಗೆ ಮುಂಚೆ ನಡೆಯಿತೆಂದು ಬರೆಯಬೇಕಾಗುತ್ತದೆ. ಕಾರ್ಯಕಾರಣಗಳ ಸರಣಿಯೇ ತಲೆಕೆಳಗಾಗುತ್ತದೆ.

ಇದೇ ತೊಡಕು ಖಗೋಳವಿಜ್ಞಾನದಲ್ಲಿ ಬಹು ದೊಡ್ಡ ಪ್ರಮಾಣದಲ್ಲಿ ತಲೆದೋರಿತು. ೧೯೭೧ರಲ್ಲಿ, ಕೋಟ್ಯಂತರ ಜ್ಯೋತಿರ್ವರ್ಷಗಳಾಚೆಯ ಒಂದು ಕಾಯದೊಳಗಿನ ಭಾಗಗಳು ಬೆಳಕಿಗಿಂತ ಸುಮಾರು ಹತ್ತುಪಟ್ಟು ವೇಗವಾಗಿ ಪರಸ್ಪರ ದೂರ ಸರಿಯುತ್ತಿರುವಂತೆ ಕಂಡುಬಂದಿತು. ಯಾವ ದ್ರವ್ಯವೂ ಬೆಳಕಿನ ವೇಗವನ್ನು ಮೀರಲಾರದೆಂಬ ಐನ್‌ಸ್ಟೈನರ ತತ್ತ್ವವು ನಿಲ್ಲುವುದೋ ಬೀಳುವುದೋ ಎಂಬ ಪ್ರಶ್ನೆಯೂ, ಆ ಕಾಯಗಳ ದೂರವನ್ನು ಅಳೆದ ರೀತಿಯೇ ಸರಿಯೋ ತಪ್ಪೋ ಎಂಬ ಪ್ರಶ್ನೆಯೂ ಒಟ್ಟಿಗೆ ಎದ್ದವು. ಕೊನೆಗೆ ನಿಂತ ಉತ್ತರವು ಮುಖ್ಯವಾಗಿ ಕಾಲನಿರ್ಣಯಕ್ಕೆ ಸಂಬಂಧಿಸಿದುದು. ವಿಜ್ಞಾನದ ಇತಿಹಾಸವೂ ಇತಿಹಾಸವೇ ಆದುದರಿಂದ, ಸಾಕ್ಷ್ಯವನ್ನು ಪರೀಕ್ಷಿಸುವ ಕ್ರಮಕ್ಕೆ ನಿದರ್ಶನವಾಗಿ ಈ ವಿಷಯವನ್ನು ಇಲ್ಲಿ ವಿವೇಚಿಸಬಯಸುತ್ತೇವೆ.

೧. ಕ್ವೇಸಾರುಗಳು ಮತ್ತು ಅವುಗಳ ಧಾರೆಗಳು

ಬೆಳಕು ಒಂದು ಸೆಕೆಂಡಿಗೆ ಸುಮಾರು ಮೂರು ಲಕ್ಷ ಕಿಲೋಮೀಟರ್ ಕ್ರಮಿಸುತ್ತದೆ. ಅದು ಒಂದು ವರ್ಷದಲ್ಲಿ ಸಾಗುವ ದೂರವೇ ಜ್ಯೋತಿರ್ವರ್ಷ. ಮುಂದಿನ ವಿವರಣೆಯೆಲ್ಲ ಈ ಮಾನದಲ್ಲಿಯೇ ನಡೆಯುತ್ತದೆ.

೧೯೧೮ರಲ್ಲಿ ಅಮೆರಿಕದ ಲಿಕ್ ವೇಧಶಾಲೆಯ ಹೀಬರ್ ಕರ್ಟಿಸ್ ಎಂಬ ಖಗೋಳಜ್ಞರು ಕನ್ಯಾ ರಾಶಿಯಲ್ಲಿರುವ ಎಂ ೮೭ ಎಂಬ ನೀಹಾರಿಕೆಯ ಚಿತ್ರದಲ್ಲಿ, ಅದರ ನಡುವಿನಿಂದ ಹೊರಟ ನೇರವಾದ ಒಂದು ಕಿರಣರೇಖೆಯನ್ನು ಗುರುತಿಸಿದರು. ಅದೇನೆಂಬುದು ಆಗ ಯಾರಿಗೂ ತಿಳಿಯಲಿಲ್ಲ. ಆ ನೀಹಾರಿಕೆ ನಮ್ಮ ಆಕಾಶಗಂಗೆಯಂತೆಯೇ ಒಂದು ಪ್ರತ್ಯೇಕ ಗೆಲಾಕ್ಸಿ ಎಂಬುದೂ ಅಂದು ಇತ್ಯರ್ಥವಾಗಿರಲಿಲ್ಲ. ೧೯೫೬ರಲ್ಲಿ ವಾಲ್ಟರ್ ಬಾಡೆ ಅವರು ಆ ರೇಖೆಯ ಬೆಳಕು ಧ್ರುವೀಕರಣ ಹೊಂದಿರುವುದನ್ನು ತೋರಿಸಿದರು. ಇದರಿಂದ, ಆ ಬೆಳಕು ಕಾದ ಅನಿಲದಿಂದ ಹೊರಟುದಲ್ಲ, ಕಾಂತಕ್ಷೇತ್ರದಲ್ಲಿ ಸುರುಳಿಯಾಗಿ ಸುತ್ತುವ ಅತಿವೇಗದ ಇಲೆಕ್ಟ್ರಾನುಗಳಿಂದ ಹೊರಟುದು ಎಂಬ ಅಭಿಪ್ರಾಯ ದೃಢಪಟ್ಟಿತು. ಗೆಲಾಕ್ಸಿಯ ಕೇಂದ್ರದಿಂದ ಚಿಮ್ಮುವ ಈ ದ್ರವ್ಯಧಾರೆಗೆ ವಿಜ್ಞಾನಿಗಳು ಜೆಟ್ ಎಂದು ಹೆಸರಿಟ್ಟಿದ್ದಾರೆ. ಈ ಲೇಖನದಲ್ಲಿ ಧಾರೆ ಎಂದೇ ಕರೆಯುತ್ತೇವೆ.

ಕ್ವೇಸಾರಿನ ಕಥೆ ೧೯೬೨-೬೩ರಲ್ಲಿ ಆರಂಭವಾಗುತ್ತದೆ. ೩ಸಿ ೨೭೩ ಎಂಬ ಕ್ರಮಸಂಖ್ಯೆಯ ರೇಡಿಯೋ ಆಕರವೊಂದು ಆಕಾಶದಲ್ಲಿ ಖಚಿತವಾಗಿ ಎಲ್ಲಿದೆಯೆಂಬುದು ತಿಳಿದಿರಲಿಲ್ಲ. ೧೯೬೨ರಲ್ಲಿ ಚಂದ್ರನು ಅದನ್ನು ಮರೆಮಾಡಿ ಸಾಗಿದಾಗ, ಆಸ್ಟ್ರೇಲಿಯದ ಪಾರ್ಕ್ಸ್ ರೇಡಿಯೋ ದೂರದರ್ಶಕದಿಂದ ಸಿರಿಲ್ ಹ್ಯಾಜರ್ಡ್ ಮತ್ತು ಅವರ ಸಹೋದ್ಯೋಗಿಗಳು ಆಕರವು ಮರೆಯಾದ ಮತ್ತು ಮರಳಿ ಕಾಣಿಸಿಕೊಂಡ ಕ್ಷಣಗಳನ್ನು ಅಳೆದರು. ಚಂದ್ರಬಿಂಬದ ಅಂಚು ಆ ಹೊತ್ತಿನಲ್ಲಿ ಎಲ್ಲಿತ್ತೆಂಬುದು ನಿಖರವಾಗಿ ತಿಳಿದಿದ್ದುದರಿಂದ ಆಕರದ ಸ್ಥಾನವೂ ನಿಖರವಾಗಿ ದೊರೆಯಿತು. ಅದು ನಕ್ಷತ್ರದಂತೆ ಕಾಣುವ ಒಂದು ಚುಕ್ಕೆಗೂ, ಅದರ ಪಕ್ಕದಲ್ಲಿದ್ದ ಒಂದು ಮಸುಕಾದ ಧಾರೆಗೂ ಹೊಂದಿಕೊಂಡಿತು. ಮಾರ್ಟನ್ ಸ್ಮಿಟ್ ಅವರು ಪಾಲೋಮಾರ್ ವೇಧಶಾಲೆಯ ೨೦೦ ಅಂಗುಲದ ದೂರದರ್ಶಕದಿಂದ ಆ ಚುಕ್ಕೆಯ ರೋಹಿತವನ್ನು ತೆಗೆದು, ಅದರಲ್ಲಿನ ಹೈಡ್ರೋಜನ್ ರೇಖೆಗಳೆಲ್ಲ ಶೇಕಡ ಸುಮಾರು ೧೬ರಷ್ಟು ಕೆಂಪಿನ ಕಡೆಗೆ ಸರಿದಿರುವುದನ್ನು ೧೯೬೩ರಲ್ಲಿ ಪ್ರಕಟಿಸಿದರು. ವಿಶ್ವದ ವಿಸ್ತರಣೆಯ ನಿಯಮದ ಪ್ರಕಾರ, ಇಷ್ಟು ಕೆಂಪು ಪಲ್ಲಟವುಳ್ಳ ಕಾಯವು ೨೦೦ ಕೋಟಿಗೂ ಹೆಚ್ಚು ಜ್ಯೋತಿರ್ವರ್ಷಗಳ ದೂರದಲ್ಲಿರಬೇಕು. ಅಷ್ಟು ದೂರದಿಂದಲೂ ಸಣ್ಣ ದೂರದರ್ಶಕಕ್ಕೆ ನಿಲುಕುವಷ್ಟು ಹೊಳೆಯಬೇಕಾದರೆ ಅದು ಒಂದು ಇಡೀ ಗೆಲಾಕ್ಸಿಯನ್ನು ಅನೇಕ ಪಟ್ಟು ಮೀರಿಸುವ ಜ್ಯೋತಿಯಾಗಿರಬೇಕು. ನಕ್ಷತ್ರದಂತೆ ಕಂಡರೂ ನಕ್ಷತ್ರವಲ್ಲದ ಇಂಥ ಕಾಯಗಳಿಗೆ ಕ್ವೇಸಾರ್ ಎಂಬ ಹೆಸರು ಬಂದಿತು.

ಚಂದ್ರನ ಮರೆಯನ್ನು ಉಪಯೋಗಿಸುವ ಈ ವಿಧಾನಕ್ಕೂ ನಮ್ಮ ನಾಡಿನ ನೆರೆಗೂ ಸಂಬಂಧವುಂಟೆಂಬುದನ್ನು ಇಲ್ಲಿಯೇ ಹೇಳಬಹುದು. ೧೯೭೦ರಲ್ಲಿ ಗೋವಿಂದ ಸ್ವರೂಪ್ ಅವರ ನೇತೃತ್ವದಲ್ಲಿ ನೀಲಗಿರಿಯ ಊಟಿಯ ಬಳಿ, ಬೆಟ್ಟದ ಇಳಿಜಾರಿನ ಮೇಲೆ, ೫೩೦ ಮೀಟರ್ ಉದ್ದದ ರೇಡಿಯೋ ದೂರದರ್ಶಕವು ಸಿದ್ಧವಾಯಿತು. ದೂರದ ರೇಡಿಯೋ ಆಕರಗಳನ್ನು ಚಂದ್ರನು ಮರೆಮಾಡುವಾಗ ಪರಿಶೀಲಿಸಿ, ಅವುಗಳ ಸ್ಥಾನವನ್ನೂ ರಚನೆಯನ್ನೂ ಅರಿಯುವುದೇ ಅದರ ಆದ್ಯ ಉದ್ದೇಶಗಳಲ್ಲಿ ಒಂದಾಗಿತ್ತು.

೨. ೧೯೭೧ರ ಸಮಸ್ಯೆ

ಕ್ವೇಸಾರಿನ ಒಳಭಾಗವನ್ನು ನೋಡಲು ಒಂಟಿ ದೂರದರ್ಶಕ ಸಾಲದು. ಸಾವಿರಾರು ಕಿಲೋಮೀಟರ್ ಅಂತರದಲ್ಲಿರುವ ಎರಡು ರೇಡಿಯೋ ದೂರದರ್ಶಕಗಳು ಒಂದೇ ಆಕರವನ್ನು ಏಕಕಾಲದಲ್ಲಿ ಆಲಿಸಿ, ಪರಮಾಣು ಗಡಿಯಾರದ ಕಾಲಸೂಚನೆಯೊಡನೆ ಕಾಂತಪಟ್ಟಿಯ ಮೇಲೆ ದಾಖಲೆ ಮಾಡಿಕೊಳ್ಳುತ್ತವೆ. ಆಮೇಲೆ ಆ ಎರಡು ದಾಖಲೆಗಳನ್ನೂ ಕೂಡಿಸಿದರೆ, ಆ ಅಂತರದಷ್ಟು ಅಗಲವಾದ ಒಂದು ದೂರದರ್ಶಕದ ಸೂಕ್ಷ್ಮದೃಷ್ಟಿ ಲಭಿಸುತ್ತದೆ. ೧೯೬೭ರಲ್ಲಿ ಈ ವಿಧಾನ ಮೊದಲು ಫಲಿಸಿತು.

೧೯೭೦ರ ಅಕ್ಟೋಬರ್ ತಿಂಗಳಿನಲ್ಲಿಯೂ ೧೯೭೧ರ ಫೆಬ್ರವರಿ ತಿಂಗಳಿನಲ್ಲಿಯೂ ಕ್ಯಾಲಿಫೋರ್ನಿಯದ ಗೋಲ್ಡ್‌ಸ್ಟೋನ್ ಮತ್ತು ಮ್ಯಾಸಚೂಸೆಟ್ಸಿನ ಹೇಸ್ಟ್ಯಾಕ್ ದೂರದರ್ಶಕಗಳು ಸುಮಾರು ೩೯೦೦ ಕಿಲೋಮೀಟರ್ ಅಂತರದಿಂದ ೩ಸಿ ೨೭೯ ಎಂಬ ಕ್ವೇಸಾರನ್ನು ಹೀಗೆ ಪರಿಶೀಲಿಸಿದವು. ದೊರೆತ ದಾಖಲೆಯು ಅಕ್ಕಪಕ್ಕದ ಎರಡು ಬಿಂದುಗಳ ರಚನೆಗೆ ಚೆನ್ನಾಗಿ ಹೊಂದಿತು. ನಾಲ್ಕು ತಿಂಗಳ ಅವಧಿಯಲ್ಲಿ ಆ ಬಿಂದುಗಳ ನಡುವಣ ಅಂತರವು ಹೆಚ್ಚಿತ್ತು. ಕೋನದ ಲೆಕ್ಕದಲ್ಲಿ ಆ ಹೆಚ್ಚಳ ಅತ್ಯಲ್ಪವಾದುದು. ಆದರೆ ಕ್ವೇಸಾರಿನ ದೂರದಿಂದ ಗುಣಿಸಿದಾಗ ಅದು ಬೆಳಕಿನ ವೇಗದ ಸುಮಾರು ಹತ್ತುಪಟ್ಟು ಎಂದು ಬಂದಿತು. ೩ಸಿ ೨೭೩ರಲ್ಲಿಯೂ ಇಂಥದೇ ಬದಲಾವಣೆಯ ಸೂಚನೆಗಳು ದೊರೆತವು.

ಒಂದು ಅಸಂಭವವೆನಿಸುವ ಸಾಕ್ಷ್ಯ ದೊರೆತಾಗ ವಿಮರ್ಶಕನ ಮುಂದೆ ಇರುವ ಮಾರ್ಗಗಳೆಲ್ಲ ಇಲ್ಲಿಯೂ ತೆರೆದುಕೊಂಡವು. ಮೊದಲನೆಯದು, ಬೆಳಕಿನ ವೇಗವೇ ಪರಮಾವಧಿಯೆಂಬ ನಿಯಮವನ್ನು ಸಂದೇಹಿಸುವುದು. ಅಸಂಖ್ಯಾತ ಪ್ರಯೋಗಗಳಲ್ಲಿ ನಿಂತ ನಿಯಮವನ್ನು ಎರಡು ಬಿಂದುಗಳ ಸಲುವಾಗಿ ಬಿಡುವುದು ಉಚಿತವೆನಿಸಲಿಲ್ಲ. ಎರಡನೆಯದು, ದೂರವನ್ನು ಸಂದೇಹಿಸುವುದು. ಕ್ವೇಸಾರುಗಳು ನಮಗೆ ಸಮೀಪದಲ್ಲಿದ್ದು, ಅವುಗಳ ಕೆಂಪು ಪಲ್ಲಟಕ್ಕೆ ಬೇರೆ ಕಾರಣವಿದ್ದರೆ, ಅದೇ ಕೋನವು ಸಾಧಾರಣವಾದ ವೇಗವನ್ನು ಕೊಡುತ್ತದೆ. ಫ್ರೆಡ್ ಹಾಯ್ಲ್, ಜೆಫ್ರಿ ಬರ್ಬಿಜ್, ಹಾಲ್ಟನ್ ಆರ್ಪ್ ಮೊದಲಾದ ಗಣ್ಯರು ಕ್ವೇಸಾರುಗಳ ದೂರವನ್ನು ಕುರಿತು ಇಂಥ ಸಂದೇಹವನ್ನು ಮುಂದಿಟ್ಟಿದ್ದರು; ಈ ಹೊಸ ಸಂಗತಿ ಅವರ ವಾದಕ್ಕೆ ಬಲವನ್ನು ತರುವಂತಿತ್ತು. ಮೂರನೆಯದು, ಚಲನೆಯನ್ನೇ ಸಂದೇಹಿಸುವುದು. ದೀಪಾಲಂಕಾರದ ಸರದಲ್ಲಿ ದೀಪಗಳು ಒಂದೊಂದಾಗಿ ಹತ್ತಿ ಆರುವಾಗ ಬೆಳಕು ಓಡಿದಂತೆ ತೋರಿದರೂ ಯಾವ ದೀಪವೂ ಕದಲುವುದಿಲ್ಲ. ಕ್ವೇಸಾರಿನೊಳಗೂ ನಿಂತಲ್ಲಿಯೇ ಇರುವ ಚುಕ್ಕೆಗಳು ಒಂದಾದ ಮೇಲೊಂದು ಹೊಳೆದಿರಬಹುದೆಂಬುದು ಈ ಪಕ್ಷದ ಮತ. ಕೇವಲ ಎರಡು ದೂರದರ್ಶಕಗಳ ದಾಖಲೆಯಿಂದ ಪೂರ್ಣವಾದ ಚಿತ್ರ ಮೂಡುವಂತಿರಲಿಲ್ಲ. ಆದುದರಿಂದ ಈ ಮತವನ್ನು ತಳ್ಳಿಹಾಕುವುದು ಆಗ ಸಾಧ್ಯವಾಗಲಿಲ್ಲ.

ನಾಲ್ಕನೆಯ ಮಾರ್ಗವು ಸಮಸ್ಯೆಗಿಂತ ಐದು ವರ್ಷ ಮೊದಲೇ ಅಚ್ಚಾಗಿತ್ತು ಎಂಬುದು ಈ ಇತಿಹಾಸದ ವಿಶೇಷ. ೧೯೬೬ರಲ್ಲಿ ಕೇಂಬ್ರಿಜ್‌ನಲ್ಲಿ ಸಂಶೋಧನ ವಿದ್ಯಾರ್ಥಿಯಾಗಿದ್ದ ಮಾರ್ಟಿನ್ ರೀಸ್ ಅವರು, ಕೆಲವು ಕ್ವೇಸಾರುಗಳ ರೇಡಿಯೋ ಕಾಂತಿ ತಿಂಗಳುಗಳ ಅವಧಿಯಲ್ಲಿಯೇ ಏರಿಳಿಯುವುದಕ್ಕೆ ಕಾರಣವನ್ನು ಹುಡುಕುತ್ತಿದ್ದರು. ಬೆಳಕಿನ ವೇಗಕ್ಕೆ ಬಹು ಸಮೀಪವಾದ ವೇಗದಿಂದ ದ್ರವ್ಯವು ಚಿಮ್ಮುತ್ತಿದ್ದರೆ, ನೋಡುವವರಿಗೆ ಅದು ಬೆಳಕನ್ನು ಮೀರಿ ಹರಡಿದಂತೆ ತೋರಬಹುದೆಂದು ಅವರು ಗಣಿತದಿಂದ ನಿರೂಪಿಸಿದರು. ಈ ಚಲನೆಯನ್ನು ಯಾರೂ ಕಾಣುವ ಮೊದಲೇ ಅದರ ವಿವರಣೆ ಸಿದ್ಧವಾಗಿತ್ತು.

೩. ಓಲೆಗಳ ದೃಷ್ಟಾಂತ

ಈ ವಿವರಣೆಯನ್ನು ಗಣಿತದ ಸೂತ್ರವಿಲ್ಲದೆಯೂ ಗ್ರಹಿಸಬಹುದು. ರಾಜಧಾನಿಯಿಂದ ೧೦೦ ಹರದಾರಿ ದೂರದಲ್ಲಿ ಒಂದು ರಾವುತರ ದಳ ಬೀಡುಬಿಟ್ಟಿದೆಯೆಂದು ಭಾವಿಸೋಣ. ಓಲೆಕಾರನು ದಿನಕ್ಕೆ ೧೦ ಹರದಾರಿ ಸಾಗಬಲ್ಲನು. ದಳವು ಅವನಿಗಿಂತ ಸ್ವಲ್ಪವೇ ನಿಧಾನವಾಗಿ, ದಿನಕ್ಕೆ ೯ ಹರದಾರಿಯಂತೆ, ರಾಜಧಾನಿಯ ಕಡೆಗೇ ನಡೆಯುತ್ತದೆ. ಹೊರಡುವಾಗ ದಳಪತಿ ಒಂದು ಓಲೆಯನ್ನು ಕಳುಹಿಸುತ್ತಾನೆ. ಅದು ಹತ್ತನೆಯ ದಿನ ರಾಜನ ಕೈ ಸೇರುತ್ತದೆ. ಆ ಹತ್ತನೆಯ ದಿನಕ್ಕೆ ದಳವು ೯೦ ಹರದಾರಿ ನಡೆದು, ರಾಜಧಾನಿಗೆ ೧೦ ಹರದಾರಿ ಸಮೀಪಕ್ಕೆ ಬಂದಿರುತ್ತದೆ. ಅಲ್ಲಿಂದ ಕಳುಹಿಸಿದ ಎರಡನೆಯ ಓಲೆ ಹನ್ನೊಂದನೆಯ ದಿನವೇ ಮುಟ್ಟುತ್ತದೆ. ಓಲೆಗಳು ಬಂದ ದಿನಗಳನ್ನು ಮಾತ್ರ ನೋಡುವ ಆಸ್ಥಾನದ ಕರಣಿಕನು, ದಳವು ಒಂದೇ ದಿನದಲ್ಲಿ ೯೦ ಹರದಾರಿ ನಡೆಯಿತೆಂದು ಬರೆಯುತ್ತಾನೆ. ಓಲೆಕಾರನ ವೇಗಕ್ಕಿಂತ ಇದು ಒಂಬತ್ತು ಪಟ್ಟು! ಓಲೆಗಳಲ್ಲಿ ಸುಳ್ಳಿಲ್ಲ, ಕರಣಿಕನ ಕೂಡುಕಳೆಯಲ್ಲಿಯೂ ದೋಷವಿಲ್ಲ. ಎರಡನೆಯ ಓಲೆಯು ಹತ್ತಿರದಿಂದ ಹೊರಟಿತೆಂಬುದನ್ನು ಗಣನೆಗೆ ತೆಗೆದುಕೊಳ್ಳದಿರುವುದೇ ದೋಷ.

ಕ್ವೇಸಾರಿನಲ್ಲಿ ಓಲೆಕಾರನ ಸ್ಥಾನದಲ್ಲಿ ಬೆಳಕೂ, ದಳದ ಸ್ಥಾನದಲ್ಲಿ ಧಾರೆಯೊಳಗಿನ ದ್ರವ್ಯದ ಗಂಟೂ ಇವೆ. ಒಂದು ವ್ಯತ್ಯಾಸವುಂಟು: ಗಂಟು ನೇರವಾಗಿ ನಮ್ಮ ಕಡೆಗೇ ಬಂದರೆ ಅದು ಚಲಿಸಿದಂತೆಯೇ ಕಾಣುವುದಿಲ್ಲ. ಅದು ನಮ್ಮ ದೃಷ್ಟಿರೇಖೆಗೆ ತುಸು ಓರೆಯಾಗಿ ಬರಬೇಕು. ಆಗ ಅಡ್ಡಲಾಗಿ ಸರಿದ ಭಾಗವಷ್ಟೇ ಆಕಾಶದಲ್ಲಿ ನಮಗೆ ಕಾಣುತ್ತದೆ.

ಒಂದು ಲೆಕ್ಕವನ್ನು ನೋಡೋಣ. ಗಂಟೊಂದು ಬೆಳಕಿನ ವೇಗದ ಶೇಕಡ ೯೭.೫ರಷ್ಟು ವೇಗದಿಂದ ೪೦ ವರ್ಷ ಚಲಿಸಿತೆನ್ನೋಣ. ಅದು ಕ್ರಮಿಸಿದ ದೂರ ೩೯ ಜ್ಯೋತಿರ್ವರ್ಷ. ಅದರ ಮಾರ್ಗವು ನಮ್ಮ ದೃಷ್ಟಿರೇಖೆಗೆ ಸುಮಾರು ೨೩ ಅಂಶ ಓರೆಯಾಗಿದ್ದರೆ, ಆ ೪೦ ವರ್ಷಗಳಲ್ಲಿ ಅದು ನಮ್ಮ ಕಡೆಗೆ ೩೬ ಜ್ಯೋತಿರ್ವರ್ಷ ಬಂದು, ಅಡ್ಡಲಾಗಿ ೧೫ ಜ್ಯೋತಿರ್ವರ್ಷ ಸರಿದಿರುತ್ತದೆ. ಲಂಬಕೋನ ತ್ರಿಕೋಣದ ನಿಯಮದಿಂದ ವಾಚಕರು ಇದನ್ನು ತಾಳೆನೋಡಬಹುದು: ೩೬ರ ವರ್ಗಕ್ಕೆ ೧೫ರ ವರ್ಗವನ್ನು ಕೂಡಿಸಿದರೆ ೩೯ರ ವರ್ಗವಾಗುತ್ತದೆ. ಈಗ ಗಂಟು ಹೊರಟಾಗ ಬಿಟ್ಟ ಬೆಳಕನ್ನೂ, ೪೦ ವರ್ಷಗಳ ತರುವಾಯ ಬಿಟ್ಟ ಬೆಳಕನ್ನೂ ಹೋಲಿಸಬೇಕು. ಎರಡನೆಯ ಬೆಳಕು ೪೦ ವರ್ಷ ತಡವಾಗಿ ಹೊರಟಿತು. ಆದರೆ ೩೬ ಜ್ಯೋತಿರ್ವರ್ಷಗಳಷ್ಟು ಹತ್ತಿರದಿಂದ ಹೊರಟಿತು. ಆದುದರಿಂದ ಅದು ಮೊದಲನೆಯದರ ಹಿಂದೆ ೪ ವರ್ಷಗಳಲ್ಲಿಯೇ ನಮ್ಮನ್ನು ಸೇರುತ್ತದೆ. ೧೫ ಜ್ಯೋತಿರ್ವರ್ಷಗಳ ಸರಿತವನ್ನು ನಾವು ೪ ವರ್ಷಗಳಲ್ಲಿ ಕಾಣುತ್ತೇವೆ; ತೋರಿಕೆಯ ವೇಗವು ಬೆಳಕಿನ ವೇಗದ ಮೂರೂ ಮುಕ್ಕಾಲು ಪಟ್ಟಾಗುತ್ತದೆ. ನಿಜವಾದ ವೇಗವಾದರೋ ಬೆಳಕಿನ ವೇಗಕ್ಕೆ ಕಡಮೆಯಾಗಿಯೇ ಉಳಿದಿದೆ.

ನಿಜವಾದ ವೇಗವು ಬೆಳಕಿನ ವೇಗವನ್ನು ಸಮೀಪಿಸಿದಷ್ಟೂ ತೋರಿಕೆಯ ವೇಗ ಹೆಚ್ಚಬಹುದು. ಹತ್ತುಪಟ್ಟು ವೇಗ ತೋರಬೇಕಾದರೆ ಗಂಟಿನ ನಿಜವೇಗವು ಬೆಳಕಿನ ವೇಗದ ಶೇಕಡ ೯೯.೫ರಷ್ಟಾದರೂ ಇರಲೇಬೇಕು. ಹೀಗೆ, ಅಸಂಭವವಾಗಿ ತೋರಿದ ಸಂಖ್ಯೆಯೇ ಸಂಭವನೀಯವಾದ ಒಂದು ಅಳತೆಯನ್ನು ಕೊಡುತ್ತದೆ.

ವಾರ್ತೆಯ ವಿಳಂಬವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಈ ಯುಕ್ತಿ ಹೊಸದಲ್ಲ. ೧೬೭೬ರಲ್ಲಿ ಪ್ಯಾರಿಸ್ಸಿನಲ್ಲಿದ್ದ ಓಲೆ ರೋಮರ್ ಎಂಬ ಡೇನಿಷ್ ವಿದ್ವಾಂಸರು, ಗುರುಗ್ರಹದ ಅಯೋ ಎಂಬ ಚಂದ್ರನ ಗ್ರಹಣಗಳು ಭೂಮಿಯು ಗುರುವಿನ ಕಡೆಗೆ ಸರಿಯುವಾಗ ಬೇಗಬೇಗನೆಯೂ, ದೂರ ಸರಿಯುವಾಗ ತಡವಾಗಿಯೂ ಕಾಣುವುದನ್ನು ಗಮನಿಸಿದರು. ಅಯೋ ತನ್ನ ನಡಿಗೆಯನ್ನು ಬದಲಿಸುತ್ತಿಲ್ಲ, ಬೆಳಕಿನ ದಾರಿ ಕುಗ್ಗುತ್ತಲೂ ಹಿಗ್ಗುತ್ತಲೂ ಇದೆ ಎಂದು ಅವರು ನಿರ್ಣಯಿಸಿದರು. ಬೆಳಕು ಭೂಕಕ್ಷೆಯ ವ್ಯಾಸವನ್ನು ದಾಟಲು ೨೨ ನಿಮಿಷ ಬೇಕೆಂಬುದು ಅವರ ಅಂದಾಜು. ಇಂದಿನ ಲೆಕ್ಕದಲ್ಲಿ ಅದು ಸುಮಾರು ೧೬ ನಿಮಿಷ ೪೦ ಸೆಕೆಂಡು. ಬೆಳಕಿಗೂ ವೇಗದ ಮಿತಿಯುಂಟೆಂಬುದು ಮೊದಲು ತಿಳಿದುದೇ ಈ ಬಗೆಯ ಕಾಲವಿವೇಚನೆಯಿಂದ.

ಇನ್ನೊಂದು ಪೂರ್ವನಿದರ್ಶನವೂ ಉಂಟು. ೧೯೦೧ರ ಫೆಬ್ರವರಿಯಲ್ಲಿ ಪರ್ಸಿಯಸ್ ನಕ್ಷತ್ರಪುಂಜದಲ್ಲಿ ಒಂದು ನವ್ಯತಾರೆ ಥಟ್ಟನೆ ಬೆಳಗಿತು. ಅದೇ ವರ್ಷದ ಕೊನೆಯ ತಿಂಗಳುಗಳಲ್ಲಿ ತೆಗೆದ ಛಾಯಾಚಿತ್ರಗಳಲ್ಲಿ ಅದರ ಸುತ್ತಣ ನೀಹಾರಿಕೆ ನಂಬಲಾಗದ ವೇಗದಿಂದ ಹರಡುತ್ತಿರುವಂತೆ ಕಂಡಿತು. ಹರಡುತ್ತಿದ್ದುದು ದ್ರವ್ಯವಲ್ಲ, ಸುತ್ತಲೂ ಇದ್ದ ಧೂಳಿಯಿಂದ ಪ್ರತಿಫಲಿಸಿದ ತಾರೆಯ ಬೆಳಕೇ ಎಂದು ಕಾಪ್ಟೈನ್ ಅವರು ಸೂಚಿಸಿದರು. ಅದು ಬೆಳಕಿನ ವೇಗವನ್ನೂ ಮೀರಿದಂತೆ ತೋರುವುದು ಹೇಗೆಂಬುದನ್ನು ೧೯೩೯ರಲ್ಲಿ ಪಾಲ್ ಕೂಡೆರ್ಕ್ ಅವರು ಸ್ಪಷ್ಟಪಡಿಸಿದರು. ಅಲ್ಲಿ ಧೂಳಿ ನಿಂತೇ ಇತ್ತು. ಕ್ವೇಸಾರಿನಲ್ಲಿ ಗಂಟು ನಿಜವಾಗಿಯೂ ಓಡುತ್ತಿದೆ. ಎರಡಕ್ಕೂ ಕಾಲಗಣನೆಯ ತತ್ತ್ವ ಮಾತ್ರ ಒಂದೇ.

೪. ಪಕ್ಷಗಳ ಪರೀಕ್ಷೆ

ವಿವರಣೆ ಸುಂದರವಾಗಿದ್ದ ಮಾತ್ರಕ್ಕೆ ಅದು ಸತ್ಯವಾಗುವುದಿಲ್ಲ. ಉಳಿದ ಪಕ್ಷಗಳು ಸಾಕ್ಷ್ಯದ ಮುಂದೆ ನಿಲ್ಲುವುದಿಲ್ಲವೆಂಬುದನ್ನೂ ತೋರಿಸಬೇಕಾಗಿತ್ತು.

ದೀಪಾಲಂಕಾರದ ಪಕ್ಷವು ಮೊದಲು ಕುಸಿಯಿತು. ಹೆಚ್ಚು ದೂರದರ್ಶಕಗಳು ಕೂಡಿಕೊಂಡ ಮೇಲೆ ಕ್ವೇಸಾರಿನ ಒಳಭಾಗದ ನಿಜವಾದ ಚಿತ್ರಗಳನ್ನು ರಚಿಸುವುದು ಸಾಧ್ಯವಾಯಿತು. ೧೯೮೧ರಲ್ಲಿ ಟಿಮೊತಿ ಪಿಯರ್ಸನ್ ಮತ್ತು ಸಹೋದ್ಯೋಗಿಗಳು ೩ಸಿ ೨೭೩ರ ಐದು ಚಿತ್ರಗಳನ್ನು ಪ್ರಕಟಿಸಿದರು. ೧೯೭೭ರ ನಡುವಿನಿಂದ ೧೯೮೦ರ ನಡುವಿನ ವರೆಗೆ ಒಂದೇ ಗಂಟು ಕೇಂದ್ರದಿಂದ ಒಂದೇ ದಿಕ್ಕಿನಲ್ಲಿ, ಒಂದೇ ಸಮನಾದ ವೇಗದಿಂದ ದೂರ ಸರಿಯುತ್ತಿರುವುದು ಅವುಗಳಲ್ಲಿ ಕಾಣುತ್ತದೆ. ಒಂದು ಅಂಶದ ೩೬೦೦ನೆಯ ಒಂದು ಭಾಗಕ್ಕೆ ವಿಕಲೆಯೆಂದು ಹೆಸರು. ಗಂಟಿನ ಸರಿತವು ವರ್ಷಕ್ಕೆ ಒಂದು ವಿಕಲೆಯ ಸಾವಿರದ ಒಂದು ಭಾಗಕ್ಕೂ ಕಡಮೆ. ಚಂದ್ರನ ಮೇಲೆ ಒಂದೂವರೆ ಮೀಟರಿನಷ್ಟು ಅಗಲದ ವಸ್ತುವೊಂದು ಭೂಮಿಯಿಂದ ಎಷ್ಟು ಸಣ್ಣದಾಗಿ ಕಾಣುವುದೋ ಅಷ್ಟೇ ಈ ಅಳತೆ. ಆದರೂ ಆ ದೂರದಲ್ಲಿ ಅದು ಮೂರು ವರ್ಷಗಳಲ್ಲಿ ಸುಮಾರು ೨೫ ಜ್ಯೋತಿರ್ವರ್ಷಗಳಾಯಿತು. ಬಿಡಿಬಿಡಿಯಾಗಿ ಹತ್ತಿ ಆರುವ ದೀಪಗಳು ಇಷ್ಟು ಶಿಸ್ತಾಗಿ ನಡೆಯುವುದು ಅಸಂಭಾವ್ಯ.

ದೂರವನ್ನು ಸಂದೇಹಿಸಿದ ಪಕ್ಷವು ಹೆಚ್ಚು ಗಂಭೀರವಾದುದು. ೧೯೭೯ರಲ್ಲಿ ಒಂದೇ ಕ್ವೇಸಾರಿನ ಎರಡು ಬಿಂಬಗಳು ಅಕ್ಕಪಕ್ಕದಲ್ಲಿ ಕಂಡುಬಂದವು. ನಡುವೆ ಇರುವ ಗೆಲಾಕ್ಸಿಯ ಗುರುತ್ವವು ಹಿಂದಿನ ಕ್ವೇಸಾರಿನ ಬೆಳಕನ್ನು ಮಸೂರದಂತೆ ಬಾಗಿಸುವುದೇ ಇದಕ್ಕೆ ಕಾರಣ. ಗೆಲಾಕ್ಸಿಗಿಂತ ಹಿಂದೆ ಇರುವ ಕ್ವೇಸಾರು ನಮಗೆ ಸಮೀಪದ ಕಾಯವಾಗಿರಲಾರದು. ಇದಲ್ಲದೆ, ೧೯೯೯ರಲ್ಲಿ ಬಿರೆಟ್ಟಾ, ಸ್ಪಾರ್ಕ್ಸ್, ಮಕೆಟ್ಟೊ ಇವರು ಹಬಲ್ ದೂರದರ್ಶಕದ ಚಿತ್ರಗಳಿಂದ ಎಂ ೮೭ರ ಧಾರೆಯಲ್ಲಿಯೇ ಬೆಳಕಿನ ವೇಗದ ಆರುಪಟ್ಟು ತೋರಿಕೆಯ ಚಲನೆಯನ್ನು ಅಳೆದರು. ಕರ್ಟಿಸ್ ಅವರು ಗುರುತಿಸಿದ ರೇಖೆಯೇ ಇದು. ಎಂ ೮೭ ಸುಮಾರು ಐದೂವರೆ ಕೋಟಿ ಜ್ಯೋತಿರ್ವರ್ಷಗಳ ದೂರದಲ್ಲಿದೆ. ಆ ದೂರವು ಕೆಂಪು ಪಲ್ಲಟವೊಂದನ್ನೇ ಆಧರಿಸಿದುದಲ್ಲ, ಬೇರೆ ಮಾರ್ಗಗಳಿಂದಲೂ ಸಿದ್ಧವಾದುದು. ಕ್ವೇಸಾರುಗಳ ದೂರದ ವಿವಾದವನ್ನು ಬದಿಗಿಟ್ಟರೂ ತೋರಿಕೆಯ ಅತಿವೇಗ ಉಳಿದೇ ಉಳಿಯುತ್ತದೆ.

ದೂರದ ಅಳತೆಯಲ್ಲಿ ಎಚ್ಚರಿಕೆ ಎಷ್ಟು ಅಗತ್ಯವೆಂಬುದಕ್ಕೂ ಒಂದು ಉದಾಹರಣೆಯುಂಟು. ೧೯೯೪ರಲ್ಲಿ ಮಿರಾಬೆಲ್ ಮತ್ತು ರೊಡ್ರಿಗೆಸ್ ಅವರು ನಮ್ಮ ಆಕಾಶಗಂಗೆಯಲ್ಲಿಯೇ ಇರುವ ಜಿಆರ್‌ಎಸ್ ೧೯೧೫+೧೦೫ ಎಂಬ ಕಾಯದ ಧಾರೆಗಳಲ್ಲಿ ಬೆಳಕಿನ ವೇಗದ ೧.೨೫ ಪಟ್ಟು ತೋರಿಕೆಯ ಚಲನೆಯನ್ನು ವರದಿಮಾಡಿದರು. ಅಂದು ಹಿಡಿದ ದೂರ ಸುಮಾರು ೪೦ ಸಾವಿರ ಜ್ಯೋತಿರ್ವರ್ಷ. ೨೦೧೪ರಲ್ಲಿ ಪ್ರಕಟವಾದ ನೇರ ಅಳತೆಯು ಅದನ್ನು ಸುಮಾರು ೨೮ ಸಾವಿರಕ್ಕೆ ಇಳಿಸಿತು. ಅದರೊಡನೆ ತೋರಿಕೆಯ ವೇಗವೂ ಬೆಳಕಿನ ವೇಗದ ಆಸುಪಾಸಿಗೆ ಇಳಿಯಿತು. ಧಾರೆಯ ವೇಗ ಬಹು ಹೆಚ್ಚಿನದೆಂಬ ತೀರ್ಮಾನ ಇದರಿಂದ ಅಳಿಯಲಿಲ್ಲ. ಆದರೆ ಒಂದು ಅಂಕಿ ಎಷ್ಟು ಊಹೆಗಳ ಮೇಲೆ ನಿಂತಿದೆಯೆಂಬುದನ್ನು ಮರೆಯಬಾರದೆಂಬ ಪಾಠ ದೊರೆಯಿತು.

೨೦೧೭ರ ಆಗಸ್ಟ್ ೧೭ರಂದು ಎರಡು ನ್ಯೂಟ್ರಾನ್ ತಾರೆಗಳ ಸಮಾಗಮದಿಂದ ಹೊರಟ ಗುರುತ್ವದ ಅಲೆಗಳು ಭೂಮಿಯನ್ನು ಮುಟ್ಟಿದವು. ಸುಮಾರು ೧೩ ಕೋಟಿ ಜ್ಯೋತಿರ್ವರ್ಷಗಳ ದೂರದ ಆ ಸ್ಥಳದಿಂದ ಹೊರಟ ಧಾರೆಯೂ ಬೆಳಕಿನ ನಾಲ್ಕುಪಟ್ಟು ವೇಗವನ್ನು ತೋರಿತೆಂದು ೨೦೧೮ರಲ್ಲಿ ವರದಿಯಾಯಿತು. ಕ್ವೇಸಾರಿಗೆ ಯಾವ ಸಂಬಂಧವೂ ಇಲ್ಲದ ಕಾಯದಲ್ಲಿಯೂ ಅದೇ ರೇಖಾಗಣಿತ ಅನ್ವಯವಾದುದು ಈ ವಿವರಣೆಗೆ ದೊರೆತ ಪ್ರಬಲವಾದ ಸಮರ್ಥನೆ.

೫. ಒಂದೇ ಕಡೆಯ ಸಾಕ್ಷಿ

ಧಾರೆಗಳು ಬಹುಮಟ್ಟಿಗೆ ಒಂದೇ ಪಾರ್ಶ್ವದಲ್ಲಿ ಕಾಣುವುದೇಕೆ ಎಂಬ ಪ್ರಶ್ನೆಗೂ ಇದೇ ವಿಚಾರಸರಣಿಯಲ್ಲಿ ಉತ್ತರವಿದೆ. ಹಿಂದಿನ ಲೆಕ್ಕದಲ್ಲಿಯೇ, ನಮ್ಮಿಂದ ದೂರ ಓಡುವ ಇನ್ನೊಂದು ಗಂಟನ್ನು ಕಲ್ಪಿಸಿಕೊಳ್ಳೋಣ. ಅದರ ಎರಡನೆಯ ಬೆಳಕು ೪೦ ವರ್ಷ ತಡವಾಗಿ ಹೊರಡುವುದಲ್ಲದೆ ೩೬ ಜ್ಯೋತಿರ್ವರ್ಷ ಹೆಚ್ಚಾಗಿಯೂ ಸಾಗಬೇಕು. ಎರಡು ವಾರ್ತೆಗಳ ನಡುವೆ ೭೬ ವರ್ಷಗಳ ಅಂತರ ಬೀಳುತ್ತದೆ. ಅದು ಬೆಳಕಿನ ವೇಗದ ಐದನೆಯ ಒಂದು ಭಾಗದಷ್ಟು ಮಾತ್ರ ವೇಗವಾಗಿ ಸರಿದಂತೆ ತೋರುತ್ತದೆ. ವೇಗದಲ್ಲಿ ಮಾತ್ರವಲ್ಲ, ಕಾಂತಿಯಲ್ಲಿಯೂ ಇದೇ ಅನ್ಯಾಯ. ಬೆಳಕಿನ ವೇಗಕ್ಕೆ ಸಮೀಪವಾದ ವೇಗದಿಂದ ಓಡುವ ವಸ್ತು ತನ್ನ ಬೆಳಕನ್ನು ತಾನು ಓಡುವ ದಿಕ್ಕಿಗೇ ಒತ್ತರಿಸಿ ಚೆಲ್ಲುತ್ತದೆ. ಆದುದರಿಂದ ನಮ್ಮ ಕಡೆಗೆ ಬರುವ ಧಾರೆಯು ಅದರ ಅವಳಿಗಿಂತ ನೂರಾರು, ಕೆಲವೊಮ್ಮೆ ಸಾವಿರಾರು ಪಟ್ಟು ಪ್ರಕಾಶಮಾನವಾಗಿ ಕಾಣಬಹುದು. ಎದುರು ಧಾರೆಯು ಇಲ್ಲವೆಂದಲ್ಲ. ಅದರ ಧ್ವನಿ ನಮ್ಮ ಕಿವಿಗೆ ಬೀಳುವುದಿಲ್ಲ.

೧೯೮೮ರಲ್ಲಿ ಲೈಂಗ್ ಅವರೂ, ಗ್ಯಾರಿಂಗ್ಟನ್ ಮತ್ತು ಸಂಗಡಿಗರೂ ಇದಕ್ಕೆ ಸ್ವತಂತ್ರವಾದ ಸಾಕ್ಷ್ಯವನ್ನು ಒದಗಿಸಿದರು. ಧಾರೆ ಪ್ರಕಾಶಮಾನವಾಗಿರುವ ಪಾರ್ಶ್ವದ ರೇಡಿಯೋ ಅಲೆಗಳು ಧ್ರುವೀಕರಣವನ್ನು ಹೆಚ್ಚಾಗಿ ಉಳಿಸಿಕೊಂಡಿರುತ್ತವೆ. ಇನ್ನೊಂದು ಪಾರ್ಶ್ವದವು ಅದನ್ನು ಹೆಚ್ಚಾಗಿ ಕಳೆದುಕೊಂಡಿರುತ್ತವೆ. ಗೆಲಾಕ್ಸಿಯನ್ನು ಆವರಿಸಿದ ಅನಿಲದ ಮೂಲಕ ಹೆಚ್ಚು ದೂರ ಹಾದುಬಂದ ಅಲೆಗಳಿಗೆ ಹೀಗಾಗುವುದು ಸಹಜ. ಎಂದರೆ ಪ್ರಕಾಶಮಾನವಾದ ಧಾರೆಯೇ ನಮಗೆ ಸಮೀಪದ ಪಾರ್ಶ್ವದಲ್ಲಿದೆ. ವಿವರಣೆ ಬಯಸುವುದೂ ಇದನ್ನೇ.

ಇದರಿಂದ ಒಂದು ಮುಖ್ಯವಾದ ಎಚ್ಚರಿಕೆಯೂ ಫಲಿಸುತ್ತದೆ. ನಮ್ಮ ಕಡೆಗೆ ತಿರುಗಿರುವ ಧಾರೆಗಳೇ ಹೆಚ್ಚು ಪ್ರಕಾಶಮಾನವಾಗಿ ಕಾಣುವುದರಿಂದ, ಪ್ರಕಾಶವನ್ನು ಅನುಸರಿಸಿ ಆರಿಸಿದ ಪಟ್ಟಿಗಳಲ್ಲಿ ಅವುಗಳ ಸಂಖ್ಯೆಯೇ ಮಿಗುತ್ತದೆ. ಆ ಪಟ್ಟಿಗಳನ್ನು ನ್ಯಾಯವಾದ ಪ್ರತಿನಿಧಿಗಳೆಂದು ಭಾವಿಸುವವನು ವಿಶ್ವದ ಧಾರೆಗಳೆಲ್ಲ ಭೂಮಿಯತ್ತಲೇ ಗುರಿಯಿಟ್ಟಿವೆಯೆಂದು ತಿಳಿದಾನು. ದಾನಶಾಸನಗಳನ್ನು ಮಾತ್ರ ಓದಿ, ಒಂದು ಕಾಲದ ಜನರೆಲ್ಲ ದಾನಿಗಳೇ ಆಗಿದ್ದರೆಂದು ಬರೆಯುವುದಕ್ಕೂ ಇದಕ್ಕೂ ಭೇದವಿಲ್ಲ. ಕಲ್ಲಿನ ಮೇಲೆ ಕೆತ್ತಿಸಬಲ್ಲವರ ಮಾತಷ್ಟೇ ನಮಗೆ ಉಳಿದಿದೆ.

೬. ಧಾರೆಯ ಮೂಲ

ಇಂಥ ವೇಗವನ್ನು ದ್ರವ್ಯಕ್ಕೆ ಕೊಡುವ ಶಕ್ತಿ ಎಲ್ಲಿಂದ ಬರುತ್ತದೆ? ಗೆಲಾಕ್ಸಿಯ ಕೇಂದ್ರದಲ್ಲಿರುವ ಭಾರಿ ಕೃಷ್ಣವಿವರವೇ ಮೂಲವೆಂಬುದು ಇಂದಿನ ಒಮ್ಮತ. ಅದರ ಸುತ್ತ ಅನಿಲವು ತಟ್ಟೆಯಾಕಾರದಲ್ಲಿ ಸುತ್ತುತ್ತ ಒಳಗೆ ಬೀಳುತ್ತದೆ. ಬೀಳುವಾಗ ಕಾಂತಕ್ಷೇತ್ರವನ್ನೂ ಎಳೆದೊಯ್ಯುತ್ತದೆ. ತಿರುಗುವ ಕೃಷ್ಣವಿವರವು ಈ ಕಾಂತರೇಖೆಗಳನ್ನು ತಿರುಚುವುದರಿಂದ ಅದರ ಭ್ರಮಣಶಕ್ತಿಯ ಒಂದು ಭಾಗ ಹೊರಕ್ಕೆ ಹರಿಯಬಲ್ಲುದೆಂದು ೧೯೭೭ರಲ್ಲಿ ರಾಜರ್ ಬ್ಲಾಂಡ್‌ಫೋರ್ಡ್ ಮತ್ತು ರೋಮನ್ ಜ್ನಾಯೆಕ್ ತೋರಿಸಿದರು. ೨೦೧೯ರ ಏಪ್ರಿಲ್ ೧೦ರಂದು, ಭೂಗೋಳದಾದ್ಯಂತ ಹರಡಿದ ರೇಡಿಯೋ ದೂರದರ್ಶಕಗಳ ಕೂಟವೊಂದು ಎಂ ೮೭ರ ಕೇಂದ್ರದ ಚಿತ್ರವನ್ನು ಪ್ರಕಟಿಸಿತು. ಕತ್ತಲೆಯ ಸುತ್ತ ಬೆಳಕಿನ ಉಂಗುರವಿರುವ ಆ ಚಿತ್ರದಿಂದ ಕೃಷ್ಣವಿವರದ ದ್ರವ್ಯರಾಶಿ ಸೂರ್ಯನ ೬೫೦ ಕೋಟಿ ಪಟ್ಟು ಎಂದು ಲೆಕ್ಕವಾಯಿತು. ೨೦೨೧ರಲ್ಲಿ ಅದೇ ಉಂಗುರದ ಧ್ರುವೀಕರಣದ ಚಿತ್ರವು ಅಲ್ಲಿ ಬಲವಾದ, ಕ್ರಮಬದ್ಧವಾದ ಕಾಂತಕ್ಷೇತ್ರವಿರುವುದನ್ನು ಸೂಚಿಸಿತು. ೨೦೨೩ರಲ್ಲಿ ಉಂಗುರವನ್ನೂ ಅದರಿಂದ ಹೊರಡುವ ಧಾರೆಯ ಬುಡವನ್ನೂ ಒಂದೇ ಚಿತ್ರದಲ್ಲಿ ತೋರಿಸಲಾಯಿತು. ೧೯೧೮ರಲ್ಲಿ ಅರ್ಥವಾಗದೆ ಉಳಿದಿದ್ದ ರೇಖೆಗೆ ಹೀಗೆ ನೂರು ವರ್ಷಗಳ ಮೇಲೆ ಮೂಲ ದೊರೆಯಿತು. ಇದೇ ಕೂಟವು ೨೦೧೭ರಲ್ಲಿ ೩ಸಿ ೨೭೯ನ್ನೂ ಪರಿಶೀಲಿಸಿತ್ತು. ೧೯೭೧ರ ವಿವಾದಕ್ಕೆ ಕಾರಣವಾದ ಆ ಕ್ವೇಸಾರಿನ ಬುಡದಲ್ಲಿ ಬೆಳಕಿನ ವೇಗದ ಇಪ್ಪತ್ತುಪಟ್ಟಿನ ತನಕ ತೋರಿಕೆಯ ಚಲನೆ ಇರುವುದಾಗಿ ೨೦೨೦ರಲ್ಲಿ ಪ್ರಕಟವಾಯಿತು. ಈ ಸಲ ಅದು ಯಾರನ್ನೂ ದಿಗಿಲುಗೊಳಿಸಲಿಲ್ಲ.

೭. ಉಪಸಂಹಾರ

ಈ ಐವತ್ತು ವರ್ಷಗಳ ವಿಚಾರದಲ್ಲಿ ಗಮನಿಸತಕ್ಕ ಅಂಶವೊಂದಿದೆ. ೧೯೭೧ರ ಅಳತೆಯು ತಪ್ಪಾಗಿರಲಿಲ್ಲ. ಐನ್‌ಸ್ಟೈನರ ನಿಯಮವೂ ತಪ್ಪಾಗಿರಲಿಲ್ಲ. ಎರಡೂ ನಿಜವಾಗಿದ್ದು ಪರಸ್ಪರ ವಿರುದ್ಧವಾಗಿ ತೋರಿದವು. ಸಾಕ್ಷ್ಯವನ್ನು ಅಲ್ಲಗಳೆಯದೆ, ನಿಯಮವನ್ನೂ ಕೈಬಿಡದೆ, ಅವೆರಡರ ನಡುವೆ ಹೇಳದೆ ಉಳಿದಿದ್ದ ಒಂದು ಊಹೆಯನ್ನು ಹುಡುಕಿ ತೆಗೆದುದರಿಂದ ವಿರೋಧ ಪರಿಹಾರವಾಯಿತು. ವಾರ್ತೆಗಳು ಮುಟ್ಟಿದ ಅಂತರವೇ ಘಟನೆಗಳು ನಡೆದ ಅಂತರವೆಂಬುದೇ ಆ ಊಹೆ. ಹತ್ತುಪಟ್ಟು ತೋರಿಕೆಯ ವೇಗವುಳ್ಳ ಧಾರೆಯಲ್ಲಿ ನಾವು ಮೂರು ವರ್ಷಗಳಲ್ಲಿ ಕಂಡುದು, ಅಲ್ಲಿ ಸುಮಾರು ಮುನ್ನೂರು ವರ್ಷಗಳ ಕಾಲ ನಡೆದ ವೃತ್ತಾಂತವಾಗಿರಬಹುದು.

ನಮ್ಮ ವಿದ್ಯಾರ್ಥಿಗಳು ಒಂದು ಶಾಸನವನ್ನೋ ಪ್ರವಾಸಿಯ ದಿನಚರಿಯನ್ನೋ ಕೈಗೆತ್ತಿಕೊಂಡಾಗ, ಇದನ್ನು ಬರೆದವನು ಘಟನೆಗೆ ಎಷ್ಟು ದೂರದಲ್ಲಿದ್ದನು, ಸುದ್ದಿ ಅವನಿಗೆ ಯಾವ ದಾರಿಯಿಂದ ಎಷ್ಟು ದಿನಗಳಲ್ಲಿ ಬಂದಿತು, ಯಾರ ಮಾತು ಅವನ ಕಿವಿಗೆ ಬೀಳದೆ ಹೋಯಿತು ಎಂದು ಕೇಳುವಂತೆ ನಾವು ಬೋಧಿಸುತ್ತೇವೆ. ಆ ಪ್ರಶ್ನೆಗಳು ಮನುಷ್ಯರ ಬರೆಹಕ್ಕೆ ಮಾತ್ರ ಮೀಸಲಾದವಲ್ಲ. ೩ಸಿ ೨೭೩ರಿಂದ ಇನ್ನೂರು ಕೋಟಿ ವರ್ಷಗಳಿಗೂ ಹಿಂದೆ ಹೊರಟು ಇಂದು ಬಂದು ಸೇರುವ ಬೆಳಕೂ ಒಂದು ದಾಖಲೆಯೇ. ಅದನ್ನು ಓದುವಾಗಲೂ ಬರೆದ ದಿನವನ್ನೂ ಮುಟ್ಟಿದ ದಿನವನ್ನೂ ಬೇರೆಬೇರೆಯಾಗಿ ಗುರುತುಹಾಕಿಕೊಳ್ಳಬೇಕಾಗುತ್ತದೆ.